ಇಂಗ್ಲಿಷಿನಲ್ಲಿ ನೈದರ್–ನಾರ್ ಬಂದಾಗ ‘ವಾಸ್’ ಬಳಸಬೇಕೋ ‘ವರ್’ ಬಳಸಬೇಕೋ?

‘ನೈದರ್ ದ ಟೀಚರ್ ನಾರ್ ದ ಸ್ಟೂಡೆಂಟ್ಸ್’ ಆದಮೇಲೆ ‘ವರ್’ ಬರಬೇಕು. ಈದರ್–ಆರ್, ನೈದರ್–ನಾರ್, ನಾಟ್ ಓನ್ಲಿ–ಬಟ್ ಆಲ್ಸೋ, ಈ ಮೂರು ಜೋಡಿಗಳಲ್ಲೂ ಕ್ರಿಯಾಪದ ತನಗೆ ಹತ್ತಿರವಿರುವ ಕರ್ತೃಪದವನ್ನು ಅನುಸರಿಸುತ್ತದೆ. ಇಲ್ಲಿ ಹತ್ತಿರವಿರುವುದು ‘ಸ್ಟೂಡೆಂಟ್ಸ್’, ಬಹುವಚನ. ಅದಲುಬದಲು ಮಾಡಿದರೆ ‘ನಾರ್ ದ ಟೀಚರ್ ವಾಸ್’ ಎಂದಾಗುತ್ತದೆ. ವ್ಯಾಕರಣ ಸರಿ, ಕಿವಿಗೆ ಒರಟು. ಬಹುವಚನವನ್ನು ಎರಡನೆಯದಾಗಿ ಇಡುವುದೇ ಲೇಸು. ಬೋತ್–ಆ್ಯಂಡ್ ಮಾತ್ರ ಬೇರೆ: ಕರ್ತೃಗಳೆರಡೂ ಸೇರಿ ಬಹುವಚನವೇ.

ನಾವು ಕನ್ನಡಿಗರು ಹೆಚ್ಚು ಎಡವುವುದು ನಿಷೇಧದಲ್ಲಿ. ‘ರವಿಯೂ ಬರಲಿಲ್ಲ, ಗೀತಾನೂ ಬರಲಿಲ್ಲ’ ಎನ್ನುವಾಗ ‘ಇಲ್ಲ’ ಕ್ರಿಯಾಪದದಲ್ಲಿದೆ. ಇಂಗ್ಲಿಷಿನಲ್ಲಿ ಅದು ನೈದರ್‌ನೊಳಗೇ ಅಡಗಿದೆ. ಅದಕ್ಕೇ ‘ನೈದರ್ ರವಿ ನಾರ್ ಗೀತಾ ಕೇಮ್’ ಸಾಕು; ‘ಡಿಡ್ ನಾಟ್ ಕಮ್’ ಎಂದರೆ ನಿಷೇಧ ಎರಡು ಸಲ ಬಂದು ವಾಕ್ಯ ಕೆಡುತ್ತದೆ. ವಾಕ್ಯದಲ್ಲಿ ಜೋಡಿಗೆ ಮೊದಲೇ ‘ನಾಟ್’ ಬಂದಿದ್ದರೆ ಈದರ್–ಆರ್ ಬಳಸಿ.

ಇನ್ನೊಂದು, ಜೋಡಿಯ ಜಾಗ. ‘ಹಿ ನಾಟ್ ಓನ್ಲಿ ಸ್ಪೀಕ್ಸ್ ಕನ್ನಡ ಬಟ್ ಆಲ್ಸೋ ತುಳು’ ಎಂಬುದರಲ್ಲಿ ‘ನಾಟ್ ಓನ್ಲಿ’ ಆದಮೇಲೆ ಕ್ರಿಯಾಪದ, ‘ಬಟ್ ಆಲ್ಸೋ’ ಆದಮೇಲೆ ಬರೀ ನಾಮಪದ. ‘ಹಿ ಸ್ಪೀಕ್ಸ್ ನಾಟ್ ಓನ್ಲಿ ಕನ್ನಡ ಬಟ್ ಆಲ್ಸೋ ತುಳು’ ಎಂದರೆ ಎರಡೂ ಕಡೆ ನಾಮಪದವೇ ಬಂದು ತೂಕ ಸರಿಹೋಗುತ್ತದೆ.