ವಿಆರ್‌ಡಬ್ಲ್ಯೂ ಅಂದ್ರೆ ಬರೀ ಪೆನ್ಶನ್ ಅರ್ಜಿ ತುಂಬಿಸೋ ಕೆಲಸಾನಾ?

ನೀವು ಕೇಳಿದ್ದು ಇಷ್ಟು. ನಿಮ್ಮ ತಂಗಿ ಪಿಯುಸಿ ಮುಗಿಸಿದ್ದಾರೆ, ಒಂದು ಕಾಲಿಗೆ ಕ್ಯಾಲಿಪರ್ ಹಾಕಿಕೊಂಡು ನಡೆಯುತ್ತಾರೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಜಾಗ ಖಾಲಿ ಇದೆ. ಮನೆಯಲ್ಲಿ "ಪೆನ್ಶನ್ ಅರ್ಜಿ ತುಂಬಿಸಿ ಕೊಡೋ ಕೆಲಸ, ಅದೂ ಗೌರವಧನಕ್ಕೆ, ಯಾಕೆ ಬೇಕು" ಅಂತಿದ್ದಾರೆ. ಅರ್ಜಿ ಹಾಕಬಹುದಾ, ನಿಜವಾಗಿ ಏನು ಕೆಲಸ, ಹಳ್ಳಿ ಹಳ್ಳಿ ಓಡಾಡೋಕೆ ಅವರಿಂದ ಆಗುತ್ತಾ?

ಖಂಡಿತ ಹಾಕಲಿ. ನಾನು ಬಯಲುಸೀಮೆಯ ಒಂದು ಪಂಚಾಯಿತಿಯಲ್ಲಿ ಇದೇ ಕೆಲಸದಲ್ಲಿದ್ದೇನೆ. ನನಗೂ ಪೋಲಿಯೋ. ಆಯಾ ಪಂಚಾಯಿತಿ ವ್ಯಾಪ್ತಿಯ ವಿಕಲಚೇತನರನ್ನೇ ಈ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಅದು ಸರಿಯಾದ ಕ್ರಮ ಅಂತ ವರ್ಷ ಕಳೆದಂತೆ ನನಗೆ ಇನ್ನೂ ಗಟ್ಟಿಯಾಗಿ ಅನ್ನಿಸುತ್ತಿದೆ.

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಇದು ಕಾಯಂ ಹುದ್ದೆ ಅಲ್ಲ, ಸಿಗೋದು ಗೌರವಧನ. ಬರೀ ಇದನ್ನೇ ನಂಬಿಕೊಂಡು ಸಂಸಾರ ನಡೆಸೋದು ಕಷ್ಟ. ಗೌರವಧನ ತಡವಾಗಿ ಕೈಗೆ ಬರೋ ತಿಂಗಳುಗಳೂ ಇವೆ. ನಮ್ಮ ಮೇಲೆ ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಪಟ್ಟಣಗಳಲ್ಲಿ ಇದೇ ಕೆಲಸಕ್ಕೆ ಯುಆರ್‌ಡಬ್ಲ್ಯೂ, ಅಂದರೆ ನಗರ ಪುನರ್ವಸತಿ ಕಾರ್ಯಕರ್ತರು ಅಂತಾರೆ. ಎಲ್ಲರ ಮೇಲೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ.

ಇನ್ನು ಅಧಿಕಾರ. ನಮ್ಮ ಕೈಯಲ್ಲಿ ಸಹಿ ಇಲ್ಲ. ಬಿಲ್ ಪಾಸ್ ಮಾಡೋದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ಅಧ್ಯಕ್ಷರು, ಅಂದಾಜುಪಟ್ಟಿ ಬರೆಯೋದು ಎಂಜಿನಿಯರ್, ಅಂಗವೈಕಲ್ಯ ಎಷ್ಟು ಅಂತ ಹೇಳೋದು ಡಾಕ್ಟರು, ಪೆನ್ಶನ್ ಮಂಜೂರು ಮಾಡೋದು ಕಂದಾಯ ಇಲಾಖೆ. ಆದರೆ ಯಾವ ಊರಲ್ಲಿ, ಯಾವ ಮನೆಯಲ್ಲಿ, ಯಾರಿಗೆ ಏನು ತೊಂದರೆ ಅನ್ನೋದು ಇವರಲ್ಲಿ ಯಾರಿಗೂ ಗೊತ್ತಿರಲ್ಲ. ಅದು ಗೊತ್ತಿರೋದು ನಮಗೆ. ನನ್ನ ಪ್ರಕಾರ ಈ ಕೆಲಸದ ಬಲವೆಲ್ಲ ಇರೋದು ಅಲ್ಲೇ.

ಹಾಗಾಗಿ ನಿಮ್ಮ ತಂಗಿ ಮೊದಲು ಕಲಿಯಬೇಕಾದದ್ದು ಮನೆ ಭೇಟಿ. "ನಿಮ್ಮ ಮನೇಲಿ ಅಂಗವಿಕಲರು ಯಾರಾದ್ರೂ ಇದಾರಾ?" ಅಂತ ಬಾಗಿಲಲ್ಲಿ ನಿಂತು ಕೇಳಿದರೆ ಬಹಳಷ್ಟು ಮನೆಯಲ್ಲಿ "ಇಲ್ಲ" ಅಂತಾರೆ. ಸುಳ್ಳು ಹೇಳಬೇಕು ಅಂತಲ್ಲ. ಅಜ್ಜಿಗೆ ಎರಡೂ ಕಿವಿ ಕೇಳಲ್ಲ, ಅದು ವಯಸ್ಸಿನದು ಅಂದುಕೊಂಡಿರುತ್ತಾರೆ. ಮಗನಿಗೆ ಮಾನಸಿಕ ಕಾಯಿಲೆ, ಆದರೆ ಮಗಳ ಮದುವೆ ಮಾತುಕತೆ ನಡೀತಿದೆ, ಹೆಸರು ಬರೆಸೋಕೆ ಹೆದರುತ್ತಾರೆ. ನಾನು ಬೇರೆ ಥರ ಕೇಳುತ್ತೇನೆ. ಮನೇಲಿ ಯಾರಿಗಾದ್ರೂ ಬಚ್ಚಲಿಗೆ ಹೋಗೋಕೆ ಇನ್ನೊಬ್ಬರು ಬೇಕಾ? ದಿನಾ ಮಾತ್ರೆ ತಗೊಳ್ಳೋರು ಇದಾರಾ? ಶಾಲೆಗೆ ಸೇರಿಸಿ ಬಿಡಿಸಿದ ಮಕ್ಕಳು? ಹೀಗೆ ಕೇಳಿದರೆ ಮಾತು ಹೊರಡುತ್ತೆ. ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಟೀಚರ್ ಜೊತೆ ಸ್ನೇಹ ಇಟ್ಟುಕೊಂಡರೆ ಅರ್ಧ ಕೆಲಸ ಹಗುರ.

1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಅದು 21 ಆಯಿತು. ಪಾರ್ಕಿನ್‌ಸನ್, ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್, ಆ್ಯಸಿಡ್ ದಾಳಿಗೆ ಸಿಕ್ಕವರು, ಕಲಿಕೆಯ ತೊಂದರೆ ಇರೋ ಮಕ್ಕಳು, ಎಲ್ಲ ಸೇರಿದ್ದಾರೆ. ಆದರೂ ಊರಲ್ಲಿ ಈಗಲೂ ಅಂಗವಿಕಲರು ಅಂದರೆ ಕೋಲು ಹಿಡಿದು ನಡೆಯೋರು ಮತ್ತು ಕಣ್ಣು ಕಾಣದವರು, ಅಷ್ಟೇ. ಪಟ್ಟಿಗೆ ಹೆಸರು ಸೇರದಿದ್ದರೆ ಮುಂದಿನದು ಯಾವುದೂ ನಡೆಯಲ್ಲ.

ಪಟ್ಟಿ ಆದಮೇಲೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ. ಆನ್‌ಲೈನ್ ಅರ್ಜಿ ಹಾಕಿಸಿ, ಆಸ್ಪತ್ರೆಯ ತಪಾಸಣೆ ದಿನಕ್ಕೆ ಕರೆದುಕೊಂಡು ಹೋಗಬೇಕು. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಬಂದರೆ ಹೆಚ್ಚಿನ ಸೌಲಭ್ಯಗಳಿಗೆ ದಾರಿ. ಬಸ್ ಪಾಸು, ಪೆನ್ಶನ್, ವಿದ್ಯಾರ್ಥಿವೇತನ ಎಲ್ಲದಕ್ಕೂ ಆ ಕಾರ್ಡೇ ಕೇಳುತ್ತಾರೆ. ನಿಮ್ಮ ಮನೆಯವರು ಹೇಳೋ "ಅರ್ಜಿ ತುಂಬಿಸೋ ಕೆಲಸ" ಇದು. ಇದು ಚಿಕ್ಕ ಕೆಲಸ ಅಂತ ನಾನು ಒಪ್ಪಲ್ಲ. ಆದರೆ ಇದರ ಬಗ್ಗೆ ಎಂಆರ್‌ಡಬ್ಲ್ಯೂ ಚೆನ್ನಾಗಿ ಹೇಳಿಕೊಡುತ್ತಾರೆ, ನಾನು ಇಲ್ಲಿ ಜಾಸ್ತಿ ಬರೆಯಲ್ಲ.

ಜಾಸ್ತಿ ಬರೆಯಬೇಕಿರೋದು ರ‍್ಯಾಂಪಿನ ಬಗ್ಗೆ. ಯಾಕಂದರೆ ಪ್ರತಿ ಊರಲ್ಲೂ ರ‍್ಯಾಂಪ್ ಇದೆ, ವೀಲ್‌ಚೇರ್ ಹತ್ತೋ ರ‍್ಯಾಂಪ್ ಕಡಿಮೆ.

ಲೆಕ್ಕ ಸುಲಭ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. 1:12 ಅಂತ ಪುಸ್ತಕದಲ್ಲಿ ಬರೆದಿರೋದು ಇದನ್ನೇ, ಮೇಸ್ತ್ರಿಗೆ ಇಂಚು ಅಡಿಯಲ್ಲಿ ಹೇಳಿದರೆ ತಕ್ಷಣ ಅರ್ಥ ಆಗುತ್ತೆ. ಆರಾರು ಇಂಚಿನ ಮೂರು ಮೆಟ್ಟಿಲು ಇದ್ದರೆ ಎತ್ತರ 18 ಇಂಚು, ರ‍್ಯಾಂಪ್ 18 ಅಡಿ ಬರಬೇಕು. ನಮ್ಮ ಕಡೆ ಒಂದು ಸಮುದಾಯ ಭವನದಲ್ಲಿ ಇಷ್ಟೇ ಎತ್ತರಕ್ಕೆ ಆರಡಿಯ ರ‍್ಯಾಂಪ್ ಹಾಕಿದ್ದರು, ಮೇಲೆ ನುಣುಪಾದ ಗ್ರಾನೈಟ್ ಬೇರೆ. ಅಂಥ ಕಡಿದಾದ ಜಾಗದಲ್ಲಿ ವೀಲ್‌ಚೇರಿನ ಮುಂದಿನ ಚಿಕ್ಕ ಚಕ್ರ ಮೇಲೇಳುತ್ತೆ, ಕೂತವರು ಹಿಂದಕ್ಕೆ ವಾಲುತ್ತಾರೆ. ಹಿಂದೆ ಇಬ್ಬರು ಹಿಡಿದು ತಳ್ಳಬೇಕು. ಮಳೆ ಬಂದರೆ ತಳ್ಳುವವರೇ ಜಾರುತ್ತಾರೆ. ಇಳಿಯುವಾಗ ಇನ್ನೂ ಕಷ್ಟ. ಅಲ್ಲಿ ಮದುವೆಗೆ ಬಂದ ಒಬ್ಬರು ಊಟಕ್ಕೆ ಒಳಗೇ ಹೋಗಲಿಲ್ಲ, ಎಲೆಯನ್ನು ಹೊರಗೆ ಅವರ ಮಡಿಲಿಗೇ ತಂದುಕೊಟ್ಟರು. ದಾಖಲೆಯಲ್ಲಿ ಆ ಭವನಕ್ಕೆ ರ‍್ಯಾಂಪ್ ಇದೆ.

ಇದು ಯಾಕೆ ಹೀಗಾಗುತ್ತೆ ಅಂದರೆ, ಅಂದಾಜುಪಟ್ಟಿಯಲ್ಲಿ "ರ‍್ಯಾಂಪ್ ನಿರ್ಮಾಣ" ಅಂತ ಒಂದು ಸಾಲು ಇರುತ್ತೆ, ಉದ್ದ ಇರಲ್ಲ. ಉಳಿದ ಜಾಗದಲ್ಲಿ, ಉಳಿದ ಕಾಂಕ್ರೀಟಿನಲ್ಲಿ ಮುಗಿಸುತ್ತಾರೆ. ಕಟ್ಟಿದ ಮೇಲೆ ಒಡೆಸೋದು ಯಾರಿಗೂ ಬೇಡ. ಆದ್ದರಿಂದ ನಿಮ್ಮ ತಂಗಿ ಎಂಜಿನಿಯರ್ ಹತ್ತಿರ ಹೋಗಬೇಕಾದದ್ದು ಕೆಲಸ ಶುರುವಾಗೋ ಮುಂಚೆ. ಉದ್ದ, ಅಗಲ 4 ಅಡಿ, ಎರಡೂ ಕಡೆ ಕೈಹಿಡಿ, ಮೇಲೆ ಬಾಗಿಲ ಮುಂದೆ ವೀಲ್‌ಚೇರ್ ತಿರುಗೋಕೆ 5 ಅಡಿ ಚೌಕ ಸಮತಟ್ಟು ಜಾಗ, ಒರಟು ಮೇಲ್ಮೈ, ಇಷ್ಟನ್ನೂ ಅಂದಾಜುಪಟ್ಟಿಯಲ್ಲೇ ಬರೆಸಬೇಕು. ಉದ್ದಕ್ಕೆ ಜಾಗ ಸಾಲದಿದ್ದರೆ ಎಲ್ ಆಕಾರದಲ್ಲಿ ತಿರುಗಿಸಬಹುದು, ತಿರುವಿನಲ್ಲೂ ಸಮತಟ್ಟು ಬಿಡಬೇಕು. ಆಮೇಲೆ ಮಣ್ಣು ಅಗೆಯೋ ದಿನ ಟೇಪು, ಸುಣ್ಣದ ಪುಡಿ ಹಿಡಿದು ಮೇಸ್ತ್ರಿ ಜೊತೆ ನಿಂತು ಗುರುತು ಹಾಕಿಸಬೇಕು. ಆ ಒಂದು ಬೆಳಗ್ಗೆ ಅಲ್ಲಿದ್ದರೆ ಆಮೇಲೆ ವರ್ಷಗಟ್ಟಲೆ ಅರ್ಜಿ ಬರೆಯೋದು ತಪ್ಪುತ್ತೆ. ಮೇಸ್ತ್ರಿಗಳು ಕೆಟ್ಟವರಲ್ಲ. ಯಾಕೆ ಅಂತ ತೋರಿಸಿ ಹೇಳಿದರೆ ಬಹಳ ಆಸ್ಥೆಯಿಂದ ಮಾಡುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ.

ಶೌಚಾಲಯದ ಕತೆಯೂ ಇದೇ. ವಿಕಲಚೇತನರ ಶೌಚಾಲಯ ಅಂತ ಬೋರ್ಡ್ ಇರುತ್ತೆ, ಒಳಗೆ ಪೊರಕೆ, ಪೇಂಟ್ ಡಬ್ಬ, ಮುರಿದ ಕುರ್ಚಿ ತುಂಬಿರುತ್ತೆ, ಬೀಗದ ಕೈ ಯಾರ ಹತ್ತಿರವೋ. ಬಾಗಿಲು ಒಳಕ್ಕೆ ತೆರೆದರೆ ವೀಲ್‌ಚೇರ್ ಒಳಗಿದ್ದಾಗ ಮುಚ್ಚೋಕೆ ಆಗಲ್ಲ, ಹೊರಕ್ಕೆ ತೆರೆಯಬೇಕು. ತಿಂಗಳಿಗೊಮ್ಮೆ ಹೋಗಿ ಬೀಗ ತೆಗೆಸಿ ನೋಡೋದು ನಮ್ಮ ಕೆಲಸ. ಹಾಗಂತ ಯಾವ ಆದೇಶದಲ್ಲೂ ನಾನು ಓದಿಲ್ಲ, ಮಾಡುತ್ತೇನೆ.

ಕಾನೂನು ನಮ್ಮ ಕಡೆ ಇದೆ ಅನ್ನೋದು ತಂಗಿಗೆ ಗೊತ್ತಿರಲಿ. 2016ರ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ನಿಯಮ ಬಂದ 5 ವರ್ಷದೊಳಗೆ ಸರಿಪಡಿಸಬೇಕಿತ್ತು. ನಿಯಮ ಬಂದದ್ದು 2017ರಲ್ಲಿ, ಗಡುವು 2022ಕ್ಕೇ ಮುಗಿದಿದೆ. ಹೊಸ ಕಟ್ಟಡ ಈ ನಿಯಮ ಪಾಲಿಸದಿದ್ದರೆ ಪೂರ್ಣಗೊಂಡ ಪ್ರಮಾಣಪತ್ರ ಕೊಡುವಂತಿಲ್ಲ ಅಂತ 44ನೇ ಸೆಕ್ಷನ್ ಹೇಳುತ್ತೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ಆಗಬೇಕು ಅಂತ ಹೇಳಿತು. ಪಂಚಾಯಿತಿ ಮಟ್ಟದಲ್ಲಿ ಬಗೆಹರಿಯದ್ದನ್ನು ರಾಜ್ಯ ಅಂಗವಿಕಲರ ಆಯುಕ್ತರಿಗೆ ಬರೆಯಬಹುದು. ವಿಚಾರಣೆಗೆ ಜನರನ್ನು ಕರೆಸೋ, ದಾಖಲೆ ತರಿಸೋ ವಿಷಯದಲ್ಲಿ ಅವರಿಗೆ ಸಿವಿಲ್ ಕೋರ್ಟಿನಂಥ ಅಧಿಕಾರ ಇದೆ. ಆದರೆ ದಿನಾ ಮುಖ ನೋಡಬೇಕಾದ ಪಿಡಿಒ ಮೇಲೆ ದೂರು ಬರೆಯೋದು ಗೌರವಧನದ ಮೇಲೆ ಇರೋರಿಗೆ ಸುಲಭ ಅಲ್ಲ. ಅದಕ್ಕೇ ನಾನು ಹೇಳೋದು, ದೂರು ಊರಿನ ವಿಕಲಚೇತನರ ಸಹಿಯಲ್ಲಿ ಹೋಗಲಿ. ಬರೆಯೋಕೆ ನೀವು ಜೊತೆಗಿರಿ.

ಇನ್ನೊಂದು ಶೇ 5ರ ಅನುದಾನ. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕು. ಮಾರ್ಚ್ ಹತ್ತಿರ ಬಂದಾಗ "ಎಲ್ಲರಿಗೂ ಸಮನಾಗಿ ಹಂಚಿಬಿಡೋಣ, ಜಗಳ ಇರಲ್ಲ" ಅನ್ನೋ ಮಾತು ಬರುತ್ತೆ. ನಾನು ಇದಕ್ಕೆ ಒಪ್ಪುವವನಲ್ಲ. ಹಾಸಿಗೆ ಹಿಡಿದವರಿಗೆ ಗಾಯ ಆಗದಿರೋ ಹಾಸಿಗೆ ಬೇಕು, ದೊಡ್ಡವರ ಡಯಾಪರ್ ಬೇಕು. ಇನ್ನೊಬ್ಬರಿಗೆ ಮನೆ ಬಾಗಿಲ ಮೆಟ್ಟಿಲು ತೆಗೆಸಿ ಇಳಿಜಾರು ಮಾಡಿಸಿದರೆ ಸಾಕು, ಅವರೇ ಹೊರಗೆ ಬಂದು ಅಂಗಡಿ ಇಡುತ್ತಾರೆ. ಎಲ್ಲರಿಗೂ ಒಂದೇ ಮೊತ್ತ ಕೊಟ್ಟರೆ ಇದ್ಯಾವುದೂ ಆಗಲ್ಲ. ಯಾರಿಗೆ ಏನು ಬೇಕು ಅಂತ ಹೆಸರು ಸಮೇತ ಬರೆದು, ಕ್ರಿಯಾ ಯೋಜನೆ ತಯಾರಾಗೋ ಮುಂಚೆ ಪಿಡಿಒಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಬೇಕು. ವಿಕಲಚೇತನರ ವಿಶೇಷ ಗ್ರಾಮಸಭೆಯಲ್ಲಿ ಅದನ್ನೇ ಓದಿ ನಡಾವಳಿಯಲ್ಲಿ ಬರೆಸಬೇಕು. ನಡಾವಳಿಯಲ್ಲಿ ಇಲ್ಲದ ಮಾತಿಗೆ ಮುಂದಿನ ವರ್ಷ ಬೆಲೆ ಇರಲ್ಲ. ಸಭೆ ಮೊದಲನೇ ಮಹಡಿಯಲ್ಲಿ ಇಟ್ಟರೆ ಕೆಳಗೆ ಇಡಿಸಿ. ಕಿವಿ ಕೇಳದವರು ಬರುತ್ತಾರೆ ಅಂತ ಗೊತ್ತಿದ್ದರೆ ಸನ್ನೆ ಭಾಷೆ ಬಲ್ಲವರು ಬೇಕು ಅಂತ ಎಂಆರ್‌ಡಬ್ಲ್ಯೂಗೆ ಮೊದಲೇ ತಿಳಿಸಿ.

ಸಲಕರಣೆ ಹಂಚೋ ಶಿಬಿರಗಳಲ್ಲೂ ಅಳತೆ ನೋಡಬೇಕು. ಎಂಟು ವರ್ಷದ ಮಗುವಿಗೆ ದೊಡ್ಡವರ ವೀಲ್‌ಚೇರ್ ಕೊಟ್ಟು ಫೋಟೋ ತೆಗೆದರೆ ಮಗು ಅದರಲ್ಲಿ ಒಂದು ಪಕ್ಕಕ್ಕೆ ಜರುಗಿ ಬೆನ್ನು ಇನ್ನೂ ಸೊಟ್ಟಗಾಗುತ್ತೆ. ಕಾಲು ಊರೋಕೆ ಫುಟ್‌ರೆಸ್ಟ್ ಸಿಗಲ್ಲ. ಆಗ "ಇದು ಬೇಡ, ಅಳತೆ ತಗೊಂಡು ಮಗುವಿನದು ಕೊಡಿ" ಅಂತ ಗಟ್ಟಿಯಾಗಿ ಹೇಳೋರು ಒಬ್ಬರು ಬೇಕು.

ಎಲ್ಲಕ್ಕಿಂತ ಮನಸ್ಸಿಗೆ ಭಾರ ಅನ್ನಿಸೋದು ಬುದ್ಧಿಮಾಂದ್ಯ ಮಕ್ಕಳ ತಾಯಂದಿರ ಮಾತು. "ನಾನು ಹೋದ್ಮೇಲೆ ಇವನ ಗತಿ ಏನಪ್ಪಾ?" ಅಂತ ಕೈ ಹಿಡ್ಕೊಂಡು ಕೇಳುತ್ತಾರೆ. ಇದಕ್ಕೆ ಪೂರ್ತಿ ಉತ್ತರ ಯಾರ ಹತ್ತಿರವೂ ಇಲ್ಲ. ಆದರೆ ಸುಮ್ನೆ ಸಮಾಧಾನ ಹೇಳಿ ಬರಬಾರದು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರೋರಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಜಿಲ್ಲೆಯಲ್ಲಿ ಅದಕ್ಕೆ ಸ್ಥಳೀಯ ಸಮಿತಿ ಇರುತ್ತೆ. ತಾಯಿ ಗಟ್ಟಿಯಾಗಿ ಇರುವಾಗಲೇ ಈ ಕಾಗದ ಮಾಡಿಸಿಟ್ಟರೆ ಆಸ್ತಿ, ಬ್ಯಾಂಕ್ ಖಾತೆ ವಿಷಯದಲ್ಲಿ ಆ ಮಗುವಿಗೆ ರಕ್ಷಣೆ ಇರುತ್ತೆ. ನಮ್ಮ ಕಡೆ ಇದು ಬಹಳ ಜನಕ್ಕೆ ಗೊತ್ತಿಲ್ಲ.

ಕೊನೆಗೆ ಓಡಾಟ. ವಿಕಲಚೇತನರ ಇಲಾಖೆಯಿಂದ ದೈಹಿಕ ಅಂಗವೈಕಲ್ಯ ಇರೋರಿಗೆ ಪಕ್ಕದಲ್ಲಿ ಎರಡು ಚಕ್ರ ಕೂಡಿಸಿದ ಸ್ಕೂಟರ್ ಕೊಡೋ ಯೋಜನೆ ಇದೆ, ಎಲ್ಲರಿಗೂ ಒಂದೇ ಸಲ ಸಿಗಲ್ಲ. ಸಿಗೋವರೆಗೂ ಬಸ್ ಪಾಸಿನಲ್ಲಿ, ಯಾರದ್ದಾದರೂ ಬೈಕಿನಲ್ಲಿ ಓಡಾಡಬೇಕಾಗುತ್ತೆ. ಒಂದು ದಿನಕ್ಕೆ ಒಂದೇ ಊರು ಇಟ್ಟುಕೊಂಡರೆ ಆಯಾಸ ಕಡಿಮೆ. ಕ್ಯಾಲಿಪರ್ ಹಾಕಿ ಮಣ್ಣು ದಾರಿಯಲ್ಲಿ ಜಾಸ್ತಿ ನಡೆದರೆ ಮೊಣಕಾಲ ಹತ್ತಿರ ಬೆಲ್ಟ್ ಉಜ್ಜಿ ಗಾಯ ಆಗುತ್ತೆ. ಒಳಗೆ ಹತ್ತಿಯ ಉದ್ದ ಕಾಲುಚೀಲ ಹಾಕಿಕೊಳ್ಳಲಿ, ಬೇಸಿಗೆಯಲ್ಲಿ ಮನೆ ಭೇಟಿಯನ್ನು ಬೆಳಗ್ಗೆ ಹತ್ತರೊಳಗೆ ಮುಗಿಸಲಿ. ಅರ್ಜಿ ಹಾಕೋ ಮುಂಚೆ ತಾಲ್ಲೂಕು ಪಂಚಾಯಿತಿಗೆ ಹೋಗಿ ಎಂಆರ್‌ಡಬ್ಲ್ಯೂ ಅವರನ್ನು ಒಂದು ಸಲ ಕಂಡು, ಯುಡಿಐಡಿ ಕಾರ್ಡು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವಾಸಸ್ಥಳದ ದಾಖಲೆ ಇಟ್ಟುಕೊಂಡು ಮಾತಾಡಲಿ. ಪಕ್ಕದ ಪಂಚಾಯಿತಿಯ ವಿಆರ್‌ಡಬ್ಲ್ಯೂ ಜೊತೆ ಒಂದು ದಿನ ಮನೆ ಭೇಟಿಗೆ ಹೋಗಿಬರೋಕೆ ಅವರೇ ವ್ಯವಸ್ಥೆ ಮಾಡಬಹುದು, ಕೇಳಿ ನೋಡಿ.