ಗೋಧಿ ಇಲ್ಲದ ಕೇಕ್ ಅಲ್ಲಿ ಸಿಗುತ್ತದಾ ಅಕ್ಕಾ?

ತಂಗಿ, ನೀನು ಬರೆದದ್ದು ಓದಿದೆ. ಮುಂದಿನ ತಿಂಗಳು ಮಡಿಕೇರಿಯಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಹೊರಟಿದ್ದೀಯ, 7 ವರ್ಷದ ಮಗಳಿಗೆ ಸೀಲಿಯಾಕ್ ಇದೆ, ಅಂದರೆ ಗೋಧಿಯಂಥದ್ದು ತಿಂದರೆ ಕರುಳು ಕೆಡುವ ಕಾಯಿಲೆ. ಬಾಡಿಗೆ, ಶಾಲೆ, ಚಳಿ ಎಲ್ಲ ಕೇಳಿ ಕೊನೆಗೆ ಒಂದು ಸಾಲು ಸೇರಿಸಿದ್ದೀಯ: "ಅಲ್ಲಿನ ಬೇಕರಿಯಲ್ಲಿ ಅವಳಿಗೆ ತಿನ್ನೋಕೆ ಏನಾದರೂ ಸಿಗುತ್ತದಾ ಅಕ್ಕಾ?" ಬಾಡಿಗೆ, ಶಾಲೆಯ ವಿಷಯ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ಈ ಕೊನೆಯ ಸಾಲಿಗೆ ಮಾತ್ರ ಉತ್ತರ ಬರೆಯುತ್ತೇನೆ. ನನ್ನ ಮಗನಿಗೂ ಅದೇ ಇದೆ. ನಾವು ಅಲ್ಲಿಗೆ ಹೋಗಿ 11 ವರ್ಷ ಆಯಿತು, ಅವನಿಗೆ ಇದು ಅಂತ ಗೊತ್ತಾಗಿ 6 ವರ್ಷ.

ಸಿಗುತ್ತದೆ. ಧೈರ್ಯವಾಗಿ ಬಾ. ಆದರೆ ಬೋರ್ಡ್ ನೋಡಿ ನಂಬಬೇಡ, ಬಾಯಿಬಿಟ್ಟು ಕೇಳು.

ಈಗ ರಜೆಗೆ ಬಂದು ಗೋಣಿಕೊಪ್ಪದ ಹತ್ತಿರ ಅಮ್ಮನ ಮನೆಯಲ್ಲಿದ್ದೇನೆ. ಬೆಳಿಗ್ಗೆ ಅಮ್ಮ ಪಾಪುಟ್ಟು ಬೇಯಿಸಿದ್ದರು. ಅಕ್ಕಿ ತರಿ, ಹಾಲು, ತೆಂಗಿನತುರಿ, ಅಷ್ಟೇ. ಮಗ ಮೂರು ತುಂಡು ತಿಂದ, ಯಾರನ್ನೂ ಏನೂ ಕೇಳಲಿಲ್ಲ. ಈ ಕಾಯಿಲೆಯವರಿಗೆ ಆಗದ ಗ್ಲುಟೆನ್ ಎಂಬ ಪ್ರೋಟೀನ್ ಇರುವುದು ಗೋಧಿ, ಬಾರ್ಲಿ, ರೈ ಈ ಮೂರರಲ್ಲಿ. ನಮ್ಮ ಕೊಡಗಿನ ಕಡಂಬುಟ್ಟು, ನೂಪುಟ್ಟು, ಅಕ್ಕಿ ರೊಟ್ಟಿ, ಪುತ್ತರಿ ಹಬ್ಬದ ತಂಬಿಟ್ಟು, ಕಕ್ಕಡ ತಿಂಗಳ 18ರ ಮದ್ದು ಪುಟ್ಟು ಎಲ್ಲವೂ ಅಕ್ಕಿಯದ್ದೇ ಅಲ್ವಾ. ಮನೆಯೊಳಗೆ ಇದ್ದಷ್ಟು ಹೊತ್ತು ಅವನಿಗೆ ಕಾಯಿಲೆ ಇದೆ ಅನ್ನುವುದೇ ಮರೆತುಹೋಗುತ್ತದೆ.

ಸಂಜೆ ಪೇಟೆಗೆ ಹೋದಾಗ ಬೇಕರಿ ಮುಂದೆ ನಿಂತುಬಿಟ್ಟ. ಬನ್ನು, ಪಫ್ಸ್, ರಸ್ಕು, ಕೆಂಪು ಜಾಮ್ ಸವರಿದ ಹನಿ ಕೇಕು. ಅಂಗಡಿಯವರಿಗೆ ವಿಷಯ ಹೇಳಿದೆ. ಪಾಪ, ಅವರು ಆ ಕಡೆ ಈ ಕಡೆ ಹುಡುಕಿ ಒಂದು ಪ್ಯಾಕೆಟ್ ಕಡ್ಲೆ ಮಿಠಾಯಿ ತೆಗೆದುಕೊಟ್ಟರು, ದುಡ್ಡು ಬೇಡ ಅಂದರು. ಮಗ ಥ್ಯಾಂಕ್ಸ್ ಹೇಳಿದ. ಕಣ್ಣು ಮಾತ್ರ ಗಾಜಿನ ಕಡೆಗೇ ಇತ್ತು. ನಿನ್ನ ಪ್ರಶ್ನೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮಕ್ಕಳಿಗೆ ಅದು ಹೊಟ್ಟೆ ಹಸಿವಲ್ಲ. ಗಾಜಿಗೆ ಬೆರಳಿಟ್ಟು "ನಂಗೆ ಅದು" ಅನ್ನಬೇಕು ಅವರಿಗೆ.

ಅಲ್ಲಿ ಅದು ಆಗುತ್ತದೆ. ಬಾದಾಮಿ ಹಿಟ್ಟಿನ ಬ್ರೌನಿ, ಮೊಟ್ಟೆಯ ಬಿಳಿಯಿಂದ ಮಾಡುವ ಮೆರಾಂಗ್, ಮೆಕ್ಕೆಜೋಳದ ತರಿ ಮತ್ತು ಬಾದಾಮಿ ಹಾಕಿದ ನಿಂಬೆ ಕೇಕ್, ತೆಂಗಿನ ಮ್ಯಾಕರೂನ್. ಮೈದಾ ಇಲ್ಲದ್ದಕ್ಕೆ ರುಚಿ ಕಮ್ಮಿ ಅಂತ ಅಂದುಕೊಳ್ಳಬೇಡ, ಬಾದಾಮಿ ಕೇಕ್ ಮರುದಿನವೂ ಮೆತ್ತಗೇ ಇರುತ್ತದೆ. ಬ್ರೆಡ್ ವಿಷಯದಲ್ಲಿ ಜಾಸ್ತಿ ಆಸೆ ಇಟ್ಟುಕೊಳ್ಳಬೇಡ. ಟೋಸ್ಟ್ ಮಾಡದೆ ತಿಂದರೆ ಪುಡಿಪುಡಿ.

ಈಗ ನಾನು ತಪ್ಪಿದ್ದು ಎಲ್ಲಿ ಅಂತ ಹೇಳುತ್ತೇನೆ. ಕಾಯಿಲೆ ಗೊತ್ತಾದ ಹೊಸತು. ಒಂದು ಕೆಫೆಯಲ್ಲಿ ಬ್ರೌನಿ ಪಕ್ಕ ಗ್ಲುಟೆನ್ ಫ್ರೀ ಅಂತ ಚೀಟಿ ಇತ್ತು. ಅಲ್ಲಿದ್ದ ಹುಡುಗಿ ಆಗಷ್ಟೇ ಸ್ಪಾಂಜ್ ಕೇಕ್ ಕತ್ತರಿಸಿದ ಚಾಕುವಿನಲ್ಲೇ ಅದನ್ನೂ ಕತ್ತರಿಸಿದಳು. ಚಾಕುವಿನ ಅಂಚಿಗೆ ಹಳದಿ ಪುಡಿ ಅಂಟಿದ್ದು ನನಗೆ ಕಾಣಿಸಿತು. ಕಂಡರೂ ಸುಮ್ನಿದ್ದೆ. ಕೊಟ್ಟಿದ್ದನ್ನು ತಿನ್ನಬೇಕು, ಹೇಗೆ ಮಾಡಿದಿರಿ ಅಂತ ಕೇಳಬಾರದು ಅಂತಲೇ ನಾವು ಬೆಳೆದದ್ದು. ಆ ರಾತ್ರಿ ಮಗ ಹೊಟ್ಟೆ ಹಿಡಿದುಕೊಂಡು ಅತ್ತ. ಎರಡು ದಿನ ಶಾಲೆಗೆ ಹೋಗಲಿಲ್ಲ. ಆಮೇಲಿಂದ ನಾನು ನಾಚಿಕೆ ಬಿಟ್ಟಿದ್ದೇನೆ.

ಕೇಳುವುದಕ್ಕೆ ಅಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ, ಹೇಳುವುದು ಅವರ ಜವಾಬ್ದಾರಿ. 14 ಬಗೆಯ ಅಲರ್ಜಿ ಪದಾರ್ಥಗಳು ಯಾವುದರಲ್ಲಿವೆ ಅಂತ ಅಂಗಡಿಯವರು ತಿಳಿಸಲೇಬೇಕು. ಗ್ಲುಟೆನ್ ಇರುವ ಧಾನ್ಯ ಅದರಲ್ಲಿ ಒಂದು. ಅಂಗಡಿಯಲ್ಲೇ ಮೊದಲೇ ಪ್ಯಾಕ್ ಮಾಡಿಟ್ಟ ಕೇಕ್, ಸ್ಯಾಂಡ್‌ವಿಚ್ ಮೇಲೂ 2021ರ ಅಕ್ಟೋಬರ್‌ನಿಂದ ಪದಾರ್ಥಗಳ ಪೂರ್ತಿ ಪಟ್ಟಿ ಇರಲೇಬೇಕು. ಎಳ್ಳಿನ ಅಲರ್ಜಿಯಿಂದ ತೀರಿಕೊಂಡ ನತಾಶಾ ಎಂಬ ಹುಡುಗಿಯ ಹೆಸರಿನಲ್ಲಿ ಆ ಕಾನೂನನ್ನು ಕರೆಯುತ್ತಾರೆ. ಗ್ಲುಟೆನ್ ಫ್ರೀ ಅಂತ ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು. ಹಾಗಾಗಿ ಸಣ್ಣ ಬೇಕರಿಯವರು ಎಷ್ಟೋ ಸಲ "ಗ್ಲುಟೆನ್ ಇರುವ ಪದಾರ್ಥ ಹಾಕಿಲ್ಲ" ಅಂತ ಮಾತ್ರ ಬರೆಯುತ್ತಾರೆ. ಎರಡೂ ಒಂದೇ ಅಲ್ಲ. ಹಾಕಿಲ್ಲ ಅಂದರೆ ಗೋಧಿ ಹಿಟ್ಟು ಹಾರಾಡುವ ಅದೇ ಕೋಣೆಯಲ್ಲಿ ಮಾಡಿರಬಹುದು.

ನಾವು ಈಗ ಹೋಗುವ ಬೇಕರಿಯಲ್ಲಿ ಗೋಧಿ ಇಲ್ಲದ್ದನ್ನು ಮೇಲಿನ ತಟ್ಟೆಯಲ್ಲಿ ಇಡುತ್ತಾರೆ. ಕೆಳಗಿಟ್ಟರೆ ಮೇಲಿನ ಪುಡಿ ಉದುರುತ್ತದೆ. ನಾನು ಸೀಲಿಯಾಕ್ ಅಂದ ಕೂಡಲೇ ಆ ಹೆಂಗಸು ಕೈ ತೊಳೆದು, ಹೊಸ ಗ್ಲೌಸ್ ಹಾಕಿ, ಬೇರೆ ಡ್ರಾಯರ್‌ನಿಂದ ಚಾಕು ತೆಗೆಯುತ್ತಾರೆ. ಕೆಲವೊಮ್ಮೆ ಎದುರಿಗಿರುವುದು ಬೇಡ ಅಂತ ಒಳಗಿನಿಂದ ಮುಚ್ಚಿಟ್ಟದ್ದನ್ನೇ ತಂದುಕೊಡುತ್ತಾರೆ. ಅಂಥ ಒಂದು ಅಂಗಡಿ ಸಿಕ್ಕಿದರೆ ಸಾಕು, ಅದನ್ನೇ ಹಿಡಿದುಕೋ.

ಫ್ಲಾಪ್‌ಜ್ಯಾಕ್ ನೋಡಿ ಮೋಸ ಹೋಗಬೇಡ. ಬರೀ ಓಟ್ಸ್, ಬೆಣ್ಣೆ, ಪಾಕ ಅಂತ ಕಾಣುತ್ತದೆ. ಮಾಮೂಲಿ ಓಟ್ಸ್‌ನಲ್ಲಿ ಗೋಧಿ, ಬಾರ್ಲಿ ಬೆರೆತಿರುತ್ತದೆ. ಬೇರೆಯಾಗಿ ಬೆಳೆದ ಓಟ್ಸ್ ಕೂಡ ಕೆಲವು ಮಕ್ಕಳಿಗೆ ಆಗುವುದಿಲ್ಲ, ಡಾಕ್ಟರನ್ನು ಕೇಳಿಯೇ ಕೊಡು. ಸ್ಪೆಲ್ಟ್ ಅಂತ ಬರೆದಿದ್ದರೆ ಅದೂ ಗೋಧಿಯ ಜಾತಿಯೇ. ಭಾನುವಾರದ ರೋಸ್ಟ್ ಊಟದಲ್ಲಿ ಯಾರ್ಕ್‌ಶೈರ್ ಪುಡ್ಡಿಂಗ್ ಮೈದಾದ್ದು, ಗ್ರೇವಿಗೂ ಮೈದಾ ಹಾಕಿ ಮಂದ ಮಾಡಿರುತ್ತಾರೆ. ಅಲ್ಲಿ ಚಿಪ್ಸ್ ಅಂದರೆ ಫಿಂಗರ್ ಚಿಪ್ಸ್, ಬರೀ ಆಲೂಗಡ್ಡೆಯೇ, ಆದರೆ ಎಷ್ಟೋ ಕಡೆ ಹಿಟ್ಟಿನಲ್ಲಿ ಅದ್ದಿದ ಮೀನು ಕರಿದ ಎಣ್ಣೆಯಲ್ಲೇ ಅದನ್ನೂ ಕರಿದಿರುತ್ತಾರೆ.

ಇಂಡಿಯನ್ ಹೋಟೆಲಿಗೆ ಹೋದಾಗ ನಮ್ಮದೇ ಊಟ ಅಂತ ನೀನು ಮೈಮರೆಯುತ್ತೀಯ, ನಾನೂ ಮರೆತಿದ್ದೆ. ದೋಸೆಯಲ್ಲಿ ಏನೂ ಇಲ್ಲ, ಸಾಂಬಾರಿನ ಇಂಗಿನಲ್ಲಿ ಇದೆ. ಡಬ್ಬಿಯ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಮನೆಗೆ ಅದನ್ನೇ ತಾ. ಕಾವಲಿಯಲ್ಲಿ ರವೆ ದೋಸೆ, ಪರೋಟ ಬೇಯಿಸಿದ್ದಾರಾ ಅಂತಲೂ ಕೇಳು.

ಹೊರಡುವ ಮೊದಲು ಎರಡು ಕೆಲಸ. ಮಗಳ ರಕ್ತಪರೀಕ್ಷೆ, ಬಯಾಪ್ಸಿ ವರದಿ ಎಲ್ಲ ಫೈಲ್ ಮಾಡಿ ಕೈಚೀಲದಲ್ಲೇ ಇಟ್ಟುಕೋ. ಅದು ಇಲ್ಲದೆ ಅಲ್ಲಿ ಮತ್ತೆ ಪರೀಕ್ಷೆ ಅಂತಾದರೆ ಕಮ್ಮಿ ಅಂದರೂ 6 ವಾರ ಮಗುವಿಗೆ ದಿನಾ ಗೋಧಿ ತಿನ್ನಿಸಬೇಕು. ಆ ಸಂಕಟ ಬೇಡ. ಇನ್ನೊಂದು, ಪೇಟೆಯ ಮಿಲ್ಲಿನಲ್ಲಿ ಬೀಸಿದ ಅಕ್ಕಿ ಹಿಟ್ಟು ತರಬೇಡ, ಅಲ್ಲಿ ಗೋಧಿಯನ್ನೂ ಅದೇ ಕಲ್ಲಿಗೆ ಹಾಕಿರುತ್ತಾರೆ. ನೂಪುಟ್ಟು ಒತ್ತುವ ಒರಳು ಮಾತ್ರ ತಾ. ಕಡಂಬುಟ್ಟಿಗೆ ಇಡ್ಲಿ ರವೆ ಅಲ್ಲಿನ ನಮ್ಮ ಅಂಗಡಿಗಳಲ್ಲಿ ಸಿಗುತ್ತದೆ, ಬರೀ ಅಕ್ಕಿಯದ್ದಾ ಅಂತ ಪ್ಯಾಕೆಟ್ ಓದಿ ತಗೋ.

ಶಾಲೆಯಲ್ಲಿ ಯಾರದಾದರೂ ಹುಟ್ಟುಹಬ್ಬ ಬಂದೇ ಬರುತ್ತದೆ. ಮಗಳು ತಿನ್ನಬಹುದಾದ ತಿಂಡಿಯ ಒಂದು ಡಬ್ಬಿ ಮೊದಲ ವಾರವೇ ಟೀಚರ್ ಕೈಗೆ ಕೊಟ್ಟಿಡು. ನೀವು ಬಂದ ಮೊದಲ ಶನಿವಾರ ನನಗೆ ಫೋನ್ ಮಾಡು. ನಾನೇ ಕರೆದುಕೊಂಡು ಹೋಗುತ್ತೇನೆ. ಮೇಲಿನ ತಟ್ಟೆ ಅವಳ ಎತ್ತರಕ್ಕೆ ಕಾಣಿಸುವುದಿಲ್ಲ, ಎತ್ತಿಕೊಳ್ಳಬೇಕಾಗುತ್ತದೆ.