ಅಪ್ಪನ ದ್ರಾಕ್ಷಿ ನೋಟ್‌ಬುಕ್ ಒಮ್ಮೆ ತೆಗೆದು ನೋಡಿ

ತಿಕೋಟಾದಿಂದ ಪತ್ರ ಬರೆದ ತಂಗಿಗೆ,

ಜನವರಿ 1ಕ್ಕೆ ಚೆಂದದ ಡೈರಿ ಕೊಂಡಿರಿ, 9ಕ್ಕೆ ನಿಂತುಹೋಯಿತು. ದಿನಾ ಅದೇ ಶಾಲೆ, ಅದೇ ಮನೆ, ಬರೆಯೋಕೆ ಏನಿದೆ ಅಂತ ಕೇಳಿದ್ದೀರಿ. ಯಾರಾದರೂ ಓದಿಬಿಟ್ಟರೆ ಅನ್ನೋ ಭಯ ಬೇರೆ. ಕೊನೆಗೆ ಸುಮ್ನೆ ಒಂದು ಮಾತು ಸೇರಿಸಿದ್ದೀರಿ, ಅಪ್ಪ ಮಾತ್ರ ದ್ರಾಕ್ಷಿ ತೋಟದ ನೋಟ್‌ಬುಕ್ ಒಂದು ವರ್ಷವೂ ಬಿಟ್ಟಿಲ್ಲ ಅಂತ. ನನಗೆ ಉತ್ತರ ಅಲ್ಲೇ ಕಂಡಿತು.

ಆ ನೋಟ್‌ಬುಕ್ ತೆಗೆದು ನೋಡಿ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಯಾವತ್ತು ಮಾಡಿದ್ದು, ಎಷ್ಟನೇ ದಿನಕ್ಕೆ ಚಿಗುರು ಬಂತು, ಮಳೆ ಆಯಿತಾ, ಡೌನಿ ರೋಗಕ್ಕೆ ಯಾವ ಔಷಧ ಹೊಡೆದಿದ್ದು, ಇಷ್ಟೇ ಇರುತ್ತದೆ. ಒಂದು ಸಾಲೂ ಚೆಂದ ಕಾಣಲಿ ಅಂತ ಬರೆದದ್ದಲ್ಲ. ಆದರೆ ಮುಂದಿನ ಸಲ ಎಲೆ ಮೇಲೆ ಮಚ್ಚೆ ಕಂಡರೆ ಅಪ್ಪ ಹಳೇ ಪುಟ ತಿರುವುತ್ತಾರೆ, ಅಲ್ವಾ? ನಮ್ಮ ಡೈರಿಗಳಿಗೆ ಆ ಭಾಗ್ಯ ಇಲ್ಲ. ಬರೆಯುತ್ತೇವೆ, ತಿರುಗಿ ಓದುವುದಿಲ್ಲ.

ನನ್ನದೇ ಹೇಳುತ್ತೇನೆ. ಒಂದು ರಾತ್ರಿ ಹೀಗೆ ಬರೆದಿದ್ದೆ: ‘ಪೆನ್ಸಿಲ್ ಕಳೆದಿದ್ದಕ್ಕೆ ಮಗಳ ಮೇಲೆ ರೇಗಿದೆ. ಅಷ್ಟು ರೇಗುವಂಥದ್ದು ಏನೂ ಇರಲಿಲ್ಲ. ಮಧ್ಯಾಹ್ನ ಊಟ ಆಗಿರಲಿಲ್ಲ.’ ಮೂರು ವಾರ ಬಿಟ್ಟು ಪುಟ ತಿರುವಿದರೆ, ಮನೆಯಲ್ಲಿ ದನಿ ಏರಿಸಿದ ಐದು ದಿನಗಳಲ್ಲಿ ನಾಲ್ಕು ದಿನ, ಸಂಚಿಕೆ ಅಚ್ಚಿಗೆ ಕಳಿಸುವ ಗಡಿಬಿಡಿಯಲ್ಲಿ ನಾನು ಊಟ ಬಿಟ್ಟ ದಿನಗಳೇ. ನನ್ನ ಸ್ವಭಾವವೇ ಸಿಟ್ಟಿನದು ಅಂತ ಎಷ್ಟೋ ವರ್ಷ ನಂಬಿಕೊಂಡಿದ್ದೆ. ಈಗ ಅಂಥ ದಿನ ಬ್ಯಾಗಿನಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಂಡೇ ಹೊರಡುತ್ತೇನೆ.

9ಕ್ಕೆ ನಿಂತಿತು ಅಂತ ಬೇಜಾರು ಬೇಡ. ಲಂಡನ್‌ನಲ್ಲಿ 96 ಜನರ ಮೇಲೆ ನಡೆದ ಒಂದು ಅಧ್ಯಯನ 2010ರಲ್ಲಿ ಅಚ್ಚಾಯಿತು. ಹೊಸ ಅಭ್ಯಾಸ ಮೈಗೂಡಲು ಒಬ್ಬೊಬ್ಬರಿಗೆ 18 ದಿನದಿಂದ 254 ದಿನದವರೆಗೂ ಬೇಕು ಅನ್ನೋದು ಅವರ ಲೆಕ್ಕ, ನಡುವಿನ ಅಂಕಿ 66. ಮಧ್ಯೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡಲಿಲ್ಲ. ಅವರು ಅಭ್ಯಾಸವನ್ನು ದಿನದ ಯಾವುದಾದರೂ ಕೆಲಸಕ್ಕೆ ಕಟ್ಟಿಕೊಂಡಿದ್ದರು. ನೀವೂ ಹಾಗೇ ಮಾಡಿ, ರಾತ್ರಿ ಹಾಲಿಗೆ ಹೆಪ್ಪು ಹಾಕಿದ ಮೇಲೆ ಐದು ನಿಮಿಷ ಕೂತುಕೊಳ್ಳಿ.

ದುಬಾರಿ ಡೈರಿ ಪಕ್ಕಕ್ಕಿಡಿ, ನೂರು ಪುಟದ ಶಾಲೆ ನೋಟ್‌ಬುಕ್ ಸಾಕು. ಭಾಷೆಯೂ ಪುಸ್ತಕದ್ದು ಬೇಡ, ‘ಇವತ್ತ ಭಾಳ ಸಿಟ್ಟ ಬಂತು’ ಅಂತ ಬಾಯಿಗೆ ಬಂದ ಹಾಗೆ ಬರೆಯಿರಿ, ಜೊತೆಗೆ ಅದಕ್ಕೆ ಮುಂಚೆ ಏನಾಗಿತ್ತು ಅನ್ನೋದನ್ನೂ.

ಓದಿಬಿಡುತ್ತಾರೆ ಅನ್ನೋ ಭಯ ಸುಳ್ಳಲ್ಲ, ನಮ್ಮ ಮನೆಗಳಲ್ಲಿ ಬೀಗ ಹಾಕಿದ ಕಪಾಟು ಎಷ್ಟು ಹೆಣ್ಣುಮಕ್ಕಳಿಗೆ ಇದೆ ಹೇಳಿ? ತೀರಾ ಒಳಗಿನ ನೋವನ್ನು ಬಿಡಿ ಹಾಳೆಯಲ್ಲಿ ಬರೆದು ಹರಿದು ಹಾಕಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ನಾಲ್ಕೇ ದಿನ, ದಿನಕ್ಕೆ 15 ನಿಮಿಷ ಬರೆದರು. ನೋವನ್ನೂ ಅದು ತಂದ ಭಾವನೆಯನ್ನೂ ಬರೆದವರಿಗೆ ಆಗ ಮನಸ್ಸು ಭಾರವಾಯಿತು, ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಕಾಲೇಜಿನ ದವಾಖಾನೆಗೆ ಹೋದದ್ದು ಕಡಿಮೆ. ನಿಮಗೂ ಆ ಭಾರ ಇಳಿಯದೇ ಹೋದರೆ ಪೆನ್ನು ಕೆಳಗಿಡಿ, ನಂಬಿಕೆಯವರ ಹತ್ತಿರ ಬಾಯಿಬಿಟ್ಟು ಹೇಳಿ.

ಮೂರು ವಾರ ಆದ ಮೇಲೆ ಒಂದು ಭಾನುವಾರ ಕೂತು ಎಲ್ಲ ಪುಟ ಓದಿ. ಏನು ಕಂಡಿತು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ